ಮುತ್ಯಾ, ಆಯಿಯರೊಂದಿಗೆ ಬೀದರಿನಲ್ಲಿ ಒಂದು ದಿನ: ಯಾರಿಗೆ ಯಾವ ಸ್ಥಳ ಒಪ್ಪುತ್ತದೆ?

ಹಬ್ಬಕ್ಕೋ ರಜೆಗೋ ಮಕ್ಕಳು, ಮೊಮ್ಮಕ್ಕಳು ಹೈದರಾಬಾದ್, ಪುಣೆ, ಬೆಂಗಳೂರುಗಳಿಂದ ಬೀದರಿಗೆ ಬಂದಾಗ ಮನೆಯ ಹಿರಿಯರನ್ನೂ ಕರೆದುಕೊಂಡು ಒಂದು ದಿನ ಹೊರಗೆ ಹೋಗಿಬರುವ ಮಾತು ಬಂದೇ ಬರುತ್ತದೆ. ಆಗ ಒಬ್ಬರು ಕೋಟೆ ಎನ್ನುತ್ತಾರೆ, ಇನ್ನೊಬ್ಬರು ಗುರುದ್ವಾರ ಎನ್ನುತ್ತಾರೆ, ಇತಿಹಾಸದಲ್ಲಿ ಆಸಕ್ತಿಯುಳ್ಳವರು ಅಷ್ಟೂರಿನ ಗುಮ್ಮಟಗಳನ್ನು ಹೆಸರಿಸುತ್ತಾರೆ, ಹಿರಿಯರ ಮನಸ್ಸಿನಲ್ಲಿ ಝರಣಿ ನರಸಿಂಹನೋ ಬಸವಕಲ್ಯಾಣವೋ ಇರುತ್ತದೆ. ಎಲ್ಲವೂ ನೋಡತಕ್ಕ ಸ್ಥಳಗಳೇ. ಆದರೆ ಮೊಣಕಾಲು ಸವೆದ ಆಯಿಗೆ ಒಪ್ಪುವ ಸ್ಥಳ, ಶುಗರ್ ಇರುವುದರಿಂದ ಗಂಟೆಗೊಮ್ಮೆ ಶೌಚಾಲಯ ಹುಡುಕಬೇಕಾದ ಕಾಕಾರಿಗೆ ಒಪ್ಪಲಿಕ್ಕಿಲ್ಲ. ಗಟ್ಟಿಮುಟ್ಟಾಗಿದ್ದರೂ ಕಣ್ಣು ಮಂಜಾದ ಮುತ್ಯಾನಿಗೆ ಬೇಕಾದದ್ದು ಮತ್ತೆ ಬೇರೆಯೇ.

ಹಿರಿಯರೊಂದಿಗೆ ಹೊರಟ ಎಷ್ಟೋ ಪ್ರವಾಸಗಳು ಒಂದೇ ಮಾತಿಗೆ ಬಂದು ನಿಲ್ಲುತ್ತವೆ: "ನಾ ಇಲ್ಲೇ ಕುಂದರ್ತೀನಿ, ನೀವು ನೋಡ್ಕೊಂಡ್ ಬರ್ರಿ." ಅವರಿಗೆ ದಣಿವಾಗಿದೆ ಎಂದಷ್ಟೇ ತಿಳಿದು ನಾವು ಮುಂದೆ ನಡೆಯುತ್ತೇವೆ, ಅವರು ಕಾರಿನಲ್ಲೋ ಯಾವುದೋ ಕಟ್ಟೆಯ ಮೇಲೋ ನಮ್ಮ ದಾರಿ ಕಾಯುತ್ತಾರೆ. ನನ್ನ ಪ್ರಕಾರ ಅದು ಅವರ ದಣಿವಿನ ಮಾತಲ್ಲ, ನಾವು ಸ್ಥಳವನ್ನು ಸರಿಯಾಗಿ ಆರಿಸಲಿಲ್ಲ ಎಂಬುದರ ಗುರುತು. ಆದ್ದರಿಂದ ಈ ಹೋಲಿಕೆಯಲ್ಲಿ ಎಲ್ಲಕ್ಕಿಂತ ಮೇಲೆ ಇಟ್ಟುಕೊಂಡ ಅಳತೆ ಇದು: ಒಂದೇ ಕಡೆ ಕೂತು ಉಳಿದವರಿಗೂ ಆ ಸ್ಥಳದಿಂದ ಏನಾದರೂ ದಕ್ಕುತ್ತದೆಯೇ? ಕಣ್ಣಿಗೆ ನೋಟ, ಕಿವಿಗೆ ಹಾಡು, ಮನಸ್ಸಿಗೆ ದೇವರು, ಮಾತಿಗೆ ಜನ, ಇವುಗಳಲ್ಲಿ ಒಂದಾದರೂ ಕೂತಲ್ಲಿಗೆ ಬರುವಂತಿರಬೇಕು.

ಮೊದಲು ಅಳತೆಗಳು

ವಾಹನ ಎಲ್ಲಿಯವರೆಗೆ ಹೋಗುತ್ತದೆ ಎಂಬುದು ಮೊದಲ ಪ್ರಶ್ನೆ. ಇಳಿದ ಜಾಗದಿಂದ ನೋಡಬೇಕಾದ ಜಾಗದವರೆಗಿನ ನಡಿಗೆ ಹರೆಯದವರ ಲೆಕ್ಕಕ್ಕೆ ಬರುವುದಿಲ್ಲ, ಊರುಗೋಲು ಹಿಡಿದವರಿಗೆ ಮಾತ್ರ ಇಡೀ ದಿನದ ಶಕ್ತಿ ಅಲ್ಲಿಯೇ ಖರ್ಚಾಗಿಬಿಡಬಹುದು. ಎರಡನೆಯದು ಪಾವಟಿಗೆ. ಇಲ್ಲಿ ಎಷ್ಟು ಪಾವಟಿಗೆ ಇವೆ ಎಂಬುದಕ್ಕಿಂತ ಒಂದೊಂದೂ ಎಷ್ಟು ಎತ್ತರವಿದೆ, ಪಕ್ಕದಲ್ಲಿ ಹಿಡಿಯಲು ಕಂಬಿ ಇದೆಯೇ ಎಂಬುದೇ ಮುಖ್ಯ. ಬೀದರನ್ನು ಆಳಿದ ಬಹಮನಿ, ಬರೀದ್ ಶಾಹಿ ಸುಲ್ತಾನರ ಕಾಲದ ಕಟ್ಟಡಗಳ ಪಾವಟಿಗೆಗಳು ಎತ್ತರವಾಗಿವೆ, ಒಂದರಂತೆ ಒಂದಿಲ್ಲ, ಹೆಚ್ಚಿನ ಕಡೆ ಕಂಬಿಯೂ ಇಲ್ಲ. ಏರುವಾಗ ತೋರದ ತೊಂದರೆ ಇಳಿಯುವಾಗ ತೋರುತ್ತದೆ. ಮೊಣಕಾಲಿನ ಮೇಲೆ ಭಾರ ಬೀಳುವುದು ಇಳಿಯುವಾಗಲೇ. ಆದ್ದರಿಂದ "ಏರಬಲ್ಲರೇ" ಎಂದು ಕೇಳುವ ಬದಲು "ಏರಿದ ಮೇಲೆ ಇಳಿಯಬಲ್ಲರೇ" ಎಂದು ಕೇಳಿಕೊಳ್ಳಬೇಕು.

ಮೂರನೆಯದು ಕೂರುವ ರೀತಿ. ನೆಲದ ಮೇಲೆ ಕೂತು ಏಳಬಲ್ಲ ಹಿರಿಯರು ಒಂದು ಬಗೆ, ಕುರ್ಚಿಯಿಲ್ಲದೆ ಆಗದವರು ಇನ್ನೊಂದು ಬಗೆ. ಮೊಣಕಾಲಿನ ಶಸ್ತ್ರಚಿಕಿತ್ಸೆ ಆದವರಿಗೆ ನೆಲದ ಮೇಲೆ ಕೂರುವುದನ್ನು ವೈದ್ಯರು ಸಾಮಾನ್ಯವಾಗಿ ಬೇಡವೆಂದೇ ಹೇಳಿರುತ್ತಾರೆ. ಇದೇ ಕಾರಣಕ್ಕೆ ಕಮೋಡ್ ಇರುವ ಶೌಚಾಲಯವೂ ಬೇಕಾಗುತ್ತದೆ, ಅದು ಹಳೆಯ ಸ್ಮಾರಕಗಳ ಬಳಿ ಸಿಗುತ್ತದೆಂದು ನಂಬಿಕೊಂಡು ಹೊರಡುವಂತಿಲ್ಲ. ಅನೇಕ ಹಿರಿಯರು, ಅದರಲ್ಲೂ ಹೆಂಗಸರು, ಹೊರಗೆ ಶೌಚಾಲಯ ಸಿಗುವುದಿಲ್ಲವೆಂಬ ಅಂಜಿಕೆಯಿಂದ ಬೆಳಗಿನಿಂದಲೇ ನೀರು ಕುಡಿಯುವುದನ್ನು ಬಿಟ್ಟುಬಿಡುತ್ತಾರೆ, ಬಾಯಿಬಿಟ್ಟು ಹೇಳುವುದಿಲ್ಲ. ಬಿಸಿಲಿನಲ್ಲಿ ಇದು ತಲೆಸುತ್ತಿಗೆ ದಾರಿ. ದಿನದ ನಡುವೆ ಮನೆಗೋ ನೆಂಟರ ಮನೆಗೋ ಹೋಗಿ ಬರುವಂತೆ ಯೋಜಿಸಿಕೊಂಡರೆ ಅರ್ಧ ಚಿಂತೆ ಅಲ್ಲಿಯೇ ಕಳೆಯುತ್ತದೆ. ಬೀದರಿನ ಮುಖ್ಯ ಸ್ಥಳಗಳೆಲ್ಲ ಒಂದಕ್ಕೊಂದು ಹತ್ತಿರದಲ್ಲಿರುವುದು ಇಲ್ಲಿ ನಮಗೆ ದೊಡ್ಡ ಅನುಕೂಲ.

ಬಿಸಿಲಿನ ಮಾತು ಬಂದದ್ದರಿಂದ ಇನ್ನೊಂದು ಸಂಗತಿ. ಬೀದರ ಪ್ರಸ್ಥಭೂಮಿಯ ಮೇಲೆ, ಸಮುದ್ರಮಟ್ಟದಿಂದ 2,000 ಅಡಿಗೂ ಹೆಚ್ಚು ಎತ್ತರದಲ್ಲಿದೆ. ಬೆಳಿಗ್ಗೆ, ಸಂಜೆ ಇಲ್ಲಿ ಬೀಸುವ ಗಾಳಿ ಕಲಬುರಗಿಯಲ್ಲಾಗಲಿ ಯಾದಗಿರಿಯಲ್ಲಾಗಲಿ ಸಿಗುವಂಥದ್ದಲ್ಲ. ಆದರೂ ಏಪ್ರಿಲ್, ಮೇ ತಿಂಗಳ ನಡುಮಧ್ಯಾಹ್ನದಲ್ಲಿ ಕಲ್ಲಿನ ಅಂಗಳ ಕಾದಿರುತ್ತದೆ, ಚಪ್ಪಲಿ ಬಿಡಬೇಕಾದ ಕಡೆಗಳಲ್ಲಿ ಪಾದ ಸುಡುತ್ತದೆ. ಶುಗರ್‌ನಿಂದ ಪಾದದ ಅರಿವು ಕಡಿಮೆಯಾದವರಿಗೆ ಸುಟ್ಟದ್ದು ಆಗಲೇ ತಿಳಿಯುವುದಿಲ್ಲ, ಮನೆಗೆ ಬಂದ ಮೇಲೆ ಬೊಕ್ಕೆ ಕಾಣಿಸುತ್ತದೆ. ಅವರ ಚೀಲದಲ್ಲಿ ದಪ್ಪನೆಯ ಕಾಲುಚೀಲ ಇರಲೇಬೇಕು.

ಗುರುದ್ವಾರ ನಾನಕ್ ಝೀರಾ ಸಾಹಿಬ್

ಮೇಲಿನ ಅಳತೆಗಳಿಗೆಲ್ಲ ಹಿಡಿದು ನೋಡಿದಾಗ ಊರಿನೊಳಗೆ ಹೆಚ್ಚಿನವರಿಗೆ ಒಪ್ಪುವ ಸ್ಥಳ ಇದು ಎಂದು ನಾನು ಹಿಂಜರಿಯದೆ ಹೇಳುತ್ತೇನೆ. ಗುರು ನಾನಕರು ದಕ್ಷಿಣದ ಸಂಚಾರದಲ್ಲಿ ಇಲ್ಲಿಗೆ ಬಂದಾಗ ಜನ ಸಿಹಿನೀರಿಲ್ಲದೆ ಕಷ್ಟಪಡುತ್ತಿದ್ದರು, ಗುರುಗಳು ಕಲ್ಲನ್ನು ಸರಿಸಿದ ಕಡೆ ಸಿಹಿನೀರಿನ ಝರಿ ಹುಟ್ಟಿತು ಎಂಬುದು ಇಲ್ಲಿಯ ನಂಬಿಕೆ. ಆ ನೀರು ಈಗಲೂ ಹರಿದು ಅಮೃತ ಕುಂಡದಲ್ಲಿ ಕೂಡಿಕೊಳ್ಳುತ್ತದೆ. ಸಿಖ್ಖರ ಪಂಚ್ ಪ್ಯಾರೆ, ಅಂದರೆ ಗುರುವಿನ ಐವರು ಪ್ರಿಯ ಶಿಷ್ಯರಲ್ಲಿ ಒಬ್ಬರಾದ ಭಾಯಿ ಸಾಹಿಬ್ ಸಿಂಗ್ ಬೀದರಿನವರು ಎಂಬುದನ್ನು ಮೊಮ್ಮಕ್ಕಳಿಗೆ ಹೇಳುವ ಕೆಲಸವನ್ನು ಹಿರಿಯರಿಗೇ ಬಿಡಬಹುದು.

ಕೂತವರಿಗೆ ಇಲ್ಲಿ ಕೀರ್ತನೆ ಇದೆ, ಬಂದುಹೋಗುವ ಜನರಿದ್ದಾರೆ, ಹೊತ್ತು ಹೋದದ್ದು ತಿಳಿಯುವುದಿಲ್ಲ. ಯಾವ ಜಾತಿ, ಯಾವ ಮತ ಎಂದು ಯಾರೂ ಕೇಳುವುದಿಲ್ಲ. ಲಂಗರಿನಲ್ಲಿ, ಅಂದರೆ ಗುರುದ್ವಾರದ ಊಟದ ಮನೆಯಲ್ಲಿ, ಎಲ್ಲರಿಗೂ ಒಂದೇ ಪಂಕ್ತಿ, ಊಟಕ್ಕೆ ಹಣವಿಲ್ಲ. ರೊಟ್ಟಿ, ಬೇಳೆ, ಅನ್ನದ ಸರಳ ಸಸ್ಯಾಹಾರ ಆದ್ದರಿಂದ ಪಥ್ಯದವರಿಗೂ ದೊಡ್ಡ ತೊಂದರೆಯಾಗುವುದಿಲ್ಲ. ಕಡಿಮೆ ಖರ್ಚಿನಲ್ಲಿ ದೊಡ್ಡ ಕುಟುಂಬವೊಂದು ಅರ್ಧ ದಿನ ನೆಮ್ಮದಿಯಿಂದ ಕಳೆಯಲು ಇದಕ್ಕಿಂತ ಉತ್ತಮ ಜಾಗ ಈ ಊರಿನಲ್ಲಿ ನನಗೆ ಗೊತ್ತಿಲ್ಲ.

ಎಚ್ಚರ ವಹಿಸಬೇಕಾದ ಸಂಗತಿಗಳೂ ಇವೆ. ಚಪ್ಪಲಿ ಬಿಟ್ಟು, ಕಾಲು ತೊಳೆದು, ತಲೆಗೆ ದಸ್ತಿಯನ್ನೋ ಸೆರಗನ್ನೋ ಹೊದ್ದು ಒಳಗೆ ಹೋಗಬೇಕು. ಕಾಲು ತೊಳೆದ ನೀರು ನುಣುಪು ಕಲ್ಲಿನ ಮೇಲೆ ಹರಡಿರುತ್ತದೆ, ಒದ್ದೆ ಪಾದದ ಮೊದಲ ಹತ್ತು ಹೆಜ್ಜೆಯೇ ಅಪಾಯದ್ದು. ಊರುಗೋಲಿನ ತುದಿಯ ರಬ್ಬರು ಸವೆದಿದ್ದರೆ ಅದೂ ಜಾರುತ್ತದೆ. ಹೊರಡುವ ಮುನ್ನಾದಿನ ಹೊಸ ರಬ್ಬರು ಹಾಕಿಸುವುದು ಸಣ್ಣ ಖರ್ಚು. ಹಿರಿಯರ ಪಾದವನ್ನು ಟವೆಲಿನಿಂದ ಒರೆಸಿ, ಒಬ್ಬರು ರಟ್ಟೆ ಹಿಡಿದು, ಅವರ ವೇಗಕ್ಕೇ ನಡೆಯಬೇಕು. ಪ್ರಾರ್ಥನೆಯ ದರ್ಬಾರಿನಲ್ಲೂ ಲಂಗರಿನಲ್ಲೂ ನೆಲದ ಮೇಲೆ ಕೂರುವುದು ವಾಡಿಕೆ. ಆಗದಿದ್ದವರು ಸೇವಾದಾರರಿಗೆ ಮೊದಲೇ ಹೇಳಿದರೆ ಒಂದು ದಾರಿ ತೋರಿಸುತ್ತಾರೆ, ಕೇಳಲು ಸಂಕೋಚಪಡಬೇಕಾಗಿಲ್ಲ.

ಕೋಟೆ

ಬಹಮನಿ ಸುಲ್ತಾನ ಅಹಮದ್ ಶಾಹ ವಲಿ ರಾಜಧಾನಿಯನ್ನು ಕಲಬುರಗಿಯಿಂದ ಬೀದರಿಗೆ ತಂದ ಮೇಲೆ 15ನೆಯ ಶತಮಾನದಲ್ಲಿ ಬೆಳೆದ ಈ ಕೋಟೆ ತನ್ನ ವಿಸ್ತಾರದಿಂದಲೇ ಹಿರಿಯರಿಗೆ ಆಗದು ಎಂದು ಹಲವರು ತೀರ್ಮಾನಿಸಿಬಿಡುತ್ತಾರೆ. ಕಾಲ್ನಡಿಗೆಯ ಮಟ್ಟಿಗೆ ಅದು ನಿಜ. ಆದರೆ ಕೋಟೆಯೊಳಗೆ ವಾಹನದ ದಾರಿ ಇದೆ ಎಂಬುದನ್ನು ಮರೆಯಬಾರದು. ಶರ್ಜಾ ದರ್ವಾಜಾ, ಗುಂಬದ್ ದರ್ವಾಜಾಗಳ ಮೂಲಕ ನಿಧಾನವಾಗಿ ಸಾಗುವ ಕಾರಿನ ಕಿಟಕಿಯಿಂದಲೇ ಬಂಡೆ ಕೊರೆದ ಕಂದಕ, ಎತ್ತರದ ಗೋಡೆ, ಬುರುಜುಗಳು ಕಾಣುತ್ತವೆ. ಕಾರಿನಿಂದ ಇಳಿಯಲಾಗದ ಹಿರಿಯರಿಗೂ ಇಷ್ಟು ನೋಟ ಕೊಡುವ ಸ್ಮಾರಕಗಳು ನಮ್ಮ ಭಾಗದಲ್ಲಿ ಹೆಚ್ಚಿಲ್ಲ. ಕಲಬುರಗಿಯ ಕೋಟೆಯನ್ನೂ ಯಾದಗಿರಿಯ ಬೆಟ್ಟದ ಕೋಟೆಯನ್ನೂ ಬಲ್ಲವರಿಗೆ ಈ ವ್ಯತ್ಯಾಸ ಕೂಡಲೇ ತಿಳಿಯುತ್ತದೆ.

ಇಳಿಯಬಲ್ಲವರಿಗೆ ಎರಡು ಕಡೆ ಸಾಕು. ಮೊದಲನೆಯದು ಸೋಲಾ ಖಂಬ ಮಸೀದಿ ಮತ್ತು ಅದರ ಮುಂದಿನ ಲಾಲ್ ಬಾಗ್. ಅಲ್ಲಿ ನೆಲ ಬಹುಮಟ್ಟಿಗೆ ಸಮತಟ್ಟಾಗಿದೆ. ಎರಡನೆಯದು ಹತ್ತಿರದಲ್ಲೇ ಹಳೆಯ ಅರಮನೆಯ ಸ್ನಾನಗೃಹದಲ್ಲಿರುವ ಪುರಾತತ್ವ ವಸ್ತುಸಂಗ್ರಹಾಲಯ. ಗಗನ್ ಮಹಲ್, ತಖ್ತ್ ಮಹಲ್‌ಗಳ ಕಡೆಗೆ ಹೋಗುವುದು ನಡೆಯುವ ಶಕ್ತಿಯಿದ್ದವರ ಕೆಲಸ. ಕಪ್ಪು ಕಲ್ಲಿನಲ್ಲಿ ಮುತ್ತಿನ ಚಿಪ್ಪು ಕೂರಿಸಿದ ಕೆಲಸಕ್ಕೆ ಹೆಸರಾದ ರಂಗೀನ್ ಮಹಲ್ ಮನಸ್ಸನ್ನು ಸೆಳೆಯುತ್ತದೆ, ಆದರೆ ಅದಕ್ಕೆ ಸಾಮಾನ್ಯವಾಗಿ ಬೀಗ ಹಾಕಿರುತ್ತದೆ, ಪುರಾತತ್ವ ಇಲಾಖೆಯ ಸಿಬ್ಬಂದಿಯನ್ನು ಕೇಳಿ ತೆರೆಸಬೇಕು, ಒಳಗೆ ಪಾವಟಿಗೆಗಳಿವೆ. ಹಿರಿಯರನ್ನು ಹೊರಗೆ ನಿಲ್ಲಿಸಿ ಬೀಗದ ಕೈ ಹುಡುಕಿಕೊಂಡು ಓಡಾಡುವುದಕ್ಕಿಂತ ಅದನ್ನು ಇನ್ನೊಂದು ದಿನಕ್ಕೆ ಇಟ್ಟುಕೊಳ್ಳುವುದು ಲೇಸು.

ಕೋಟೆಯ ಕೊರತೆ ನೆರಳಿನದು ಮತ್ತು ಕೂರುವ ಜಾಗದ್ದು. ಅದಕ್ಕೆ ನಮ್ಮ ಮನೆಯಲ್ಲಿ ರೂಢಿಯಾಗಿರುವ ಉಪಾಯ ಬಹಳ ಸರಳ: ಕಾರಿನ ಡಿಕ್ಕಿಯಲ್ಲಿ ಒಂದು ಪ್ಲಾಸ್ಟಿಕ್ ಕುರ್ಚಿ. ಕೈಗಳಿರುವ, ಹಗುರವಾದ, ಎಲ್ಲ ಮನೆಗಳಲ್ಲೂ ಇರುವ ಕುರ್ಚಿ ಅದು. ಮರದ ನೆರಳು ಎಲ್ಲಿದೆಯೋ ಅಲ್ಲಿ ಹಾಕಿದರೆ ಹಿರಿಯರು ಎಲ್ಲರ ನಡುವೆಯೇ ಕೂರುತ್ತಾರೆ. ಬೆಂಚು ಇರುವ ಕಡೆಗೆ ಅವರನ್ನು ನಡೆಸಿಕೊಂಡು ಹೋಗುವ ಪ್ರಸಂಗವೇ ಬರುವುದಿಲ್ಲ. ಗಾಲಿಕುರ್ಚಿ ಒಯ್ಯುವವರಿಗೆ ಒಂದು ಮಾತು: ಒರಟು ಕಲ್ಲುಹಾಸಿನ ಮೇಲೆ ಮುಂದಿನ ಸಣ್ಣ ಗಾಲಿ ಸಂದಿಗೆ ಸಿಕ್ಕಿಕೊಂಡರೆ ಕೂತವರು ಮುಂದಕ್ಕೆ ಮುಗ್ಗರಿಸುತ್ತಾರೆ. ಅಂಥ ಕಡೆ ಕುರ್ಚಿಯನ್ನು ತಿರುಗಿಸಿ, ದೊಡ್ಡ ಗಾಲಿ ಮುಂದಾಗುವಂತೆ ಹಿಮ್ಮುಖವಾಗಿ ಎಳೆಯಬೇಕು.

ಮದರಸಾ, ಚೌಬಾರಾ ಮತ್ತು ಬಿದರಿ ಅಂಗಡಿಗಳು

ಊರಿನ ನಡುವೆ ಇರುವ ಈ ಮೂರನ್ನು ಒಂದೇ ಆಯ್ಕೆಯಾಗಿ ನೋಡಬೇಕು. ನಡಿಗೆ ಕಡಿಮೆ, ನೋಟ ಹೆಚ್ಚು, ಮನೆಗೆ ಮರಳುವುದು ಸುಲಭ. ಅರ್ಧ ದಿನಕ್ಕಿಂತ ಹೆಚ್ಚು ಹೊರಗಿರಲಾಗದವರಿಗೆ ನನ್ನ ಮೊದಲ ಸಲಹೆ ಇದು. ಬಹಮನಿ ಸುಲ್ತಾನರ ಮಂತ್ರಿಯಾಗಿದ್ದ ಮಹಮೂದ್ ಗವಾನ್ ಕಟ್ಟಿಸಿದ ಮದರಸಾ 1472ರಲ್ಲಿ ಪೂರ್ಣವಾಯಿತು. 17ನೆಯ ಶತಮಾನದ ಕೊನೆಯಲ್ಲಿ ಮದ್ದು ಸಿಡಿದು ಕಟ್ಟಡದ ದೊಡ್ಡ ಭಾಗ ಹಾಳಾಯಿತು, ಎರಡು ಮಿನಾರುಗಳಲ್ಲಿ ಒಂದು ಮಾತ್ರ ಉಳಿಯಿತು. ಆ ಮಿನಾರಿನ ಮೇಲೂ ಮುಂಗೋಡೆಯ ಮೇಲೂ ಅಲ್ಲಲ್ಲಿ ಉಳಿದ ನೀಲಿ, ಬಿಳಿ, ಹಳದಿ ಟೈಲ್ಸ್‌ಗಳನ್ನು ನೋಡಲು ಒಳಗೆ ಹೋಗಬೇಕಾಗಿಯೇ ಇಲ್ಲ, ಮುಂದಿನ ಹುಲ್ಲಿನ ಅಂಗಳದಲ್ಲಿ ಕುರ್ಚಿ ಹಾಕಿಕೊಂಡು ಕೂತರೆ ಸಾಕು. ಕಟ್ಟಡದ ಮುಖ ಪೂರ್ವಕ್ಕಿದೆ. ಹಾಗಾಗಿ ಬೆಳಗಿನ ಎಳೆಬಿಸಿಲು ನೇರವಾಗಿ ಟೈಲ್ಸ್‌ಗಳ ಮೇಲೆ ಬೀಳುತ್ತದೆ, ಮಂಜುಗಣ್ಣಿನವರಿಗೂ ಬಣ್ಣ ತಿಳಿಯುತ್ತದೆ. ಮಧ್ಯಾಹ್ನದ ಮೇಲೆ ಹೋದರೆ ಮುಖಕ್ಕೆ ನೆರಳು, ಆ ನೋಟ ಸಿಗುವುದಿಲ್ಲ. ಹಳೆಯ ಕಾವಲುಗೋಪುರವಾದ ಚೌಬಾರಾದ ಮೇಲೆ ಏರುವ ಆಸೆ ಬೇಡ. ಅದನ್ನು ಆಟೋದಲ್ಲಿ ಕೂತು ಒಂದು ಸುತ್ತು ಹಾಕಿ ನೋಡಿದರೆ ಆಯಿತು.

ಬಿದರಿ ಕೆಲಸದ ಅಂಗಡಿಗಳನ್ನು ಪ್ರವಾಸದ ಕೊನೆಗೆ ಖರೀದಿಗೆಂದು ಇಟ್ಟುಕೊಳ್ಳುವುದು ರೂಢಿ. ಹಿರಿಯರಿದ್ದಾಗ ನಾನು ಅದನ್ನು ದಿನದ ಮುಖ್ಯ ಭಾಗವಾಗಿಯೇ ಇಡುತ್ತೇನೆ, ಏಕೆಂದರೆ ಇಲ್ಲಿ ನೋಡುವ ಕೆಲಸವೆಲ್ಲ ಕೂತೇ ನಡೆಯುತ್ತದೆ. ಸತು ಹೆಚ್ಚು, ತಾಮ್ರ ಕಡಿಮೆ ಬೆರೆಸಿ ಎರಕ ಹೊಯ್ದ ಪಾತ್ರೆಯ ಮೇಲೆ ಉಳಿಯಿಂದ ಬಳ್ಳಿ, ಹೂವು ಕೊರೆದು, ಆ ಗೆರೆಗಳಲ್ಲಿ ಬೆಳ್ಳಿಯ ತಂತಿಯನ್ನು ಸಣ್ಣ ಸುತ್ತಿಗೆಯಿಂದ ಕೂರಿಸುತ್ತಾರೆ. ನಮ್ಮ ಅವ್ವನನ್ನು ಒಂದು ಕಾರ್ಖಾನೆಗೆ ಕರೆದೊಯ್ದಾಗ ಅವರಿಗೆ ಬಾಗಿಲ ಬಳಿಯೇ ಸ್ಟೂಲು ಹಾಕಿಕೊಟ್ಟಿದ್ದರು. ಕಾರಿಗರರು ಕೋಟೆಯ ಹಳೆಯ ಮಣ್ಣಿಗೆ ನವಸಾಗರ ಬೆರೆಸಿದ ಬಿಸಿನೀರಿನಲ್ಲಿ ಒಂದು ಸಣ್ಣ ಡಬ್ಬಿಯನ್ನು ಅದ್ದಿ, ಆ ಮಣ್ಣಿನಿಂದಲೇ ತಿಕ್ಕಿ ತೆಗೆದರು. ಬೂದು ಬಣ್ಣದ ಲೋಹ ಕಡುಕಪ್ಪಾಗಿತ್ತು, ಬೆಳ್ಳಿಯ ಬಳ್ಳಿ ಮಾತ್ರ ಬೆಳ್ಳಗೆ ಹಾಗೆಯೇ ಉಳಿದಿತ್ತು. ಅವ್ವ ಡಬ್ಬಿಯನ್ನು ಕೈಯಲ್ಲಿ ಹಿಡಿದು, ಬೆರಳಿನಿಂದ ಬಳ್ಳಿಯ ಗೆರೆಯನ್ನು ಸವರುತ್ತಾ, "ಬೆಳ್ಳಿ ಯಾಕ ಕಪ್ಪಾಗ್ಲಿಲ್ರೀ?" ಎಂದು ಕೇಳಿದರು. ಮಣ್ಣು ಕಪ್ಪಾಗಿಸುವುದು ಸತುವಿನ ಮೇಲ್ಮೈಯನ್ನು, ಬೆಳ್ಳಿಯನ್ನಲ್ಲ ಎಂದು ಕಾರಿಗರರು ಬಿಡಿಸಿ ಹೇಳಿದರು. ಅಲ್ಲಿಂದ ಮಾತು ಮಣ್ಣಿಗೆ, ಮಣ್ಣಿನಿಂದ ಅವರ ತಂದೆಯ ಕಾಲಕ್ಕೆ ಹೋಯಿತು. ನಾವು ಎಬ್ಬಿಸುವವರೆಗೆ ಅವ್ವ ಏಳಲಿಲ್ಲ.

ಬಿದರಿ ಕಲೆಗೆ 2006ರಲ್ಲಿ ಭೌಗೋಳಿಕ ಗುರುತು ದೊರೆತಿದೆ. ಬೀದರಿನ ಕಲಾವಿದ ಶಾಹ ರಶೀದ್ ಅಹಮದ್ ಖಾದ್ರಿ ಅವರಿಗೆ 2023ರಲ್ಲಿ ಪದ್ಮಶ್ರೀ ಬಂದಿತು. ಅಂಗಡಿಯಲ್ಲಿ ಕೆಲಸ ನೋಡಿ ಏನನ್ನೂ ಕೊಳ್ಳದೆ ಬಂದರೆ ತಪ್ಪೇನಿಲ್ಲ, ಆದರೂ ಕಾರಿಗರರ ಹೊತ್ತಿಗೆ ಬೆಲೆ ಇದೆ. ಸಣ್ಣ ಕೀಲಿಗೊಂಚಲನ್ನೋ ಕಿವಿಯೋಲೆಯನ್ನೋ ಕೊಂಡರೆ ಎರಡೂ ಕಡೆ ಸಮಾಧಾನ.

ಬರೀದ್ ಶಾಹಿ ಗುಮ್ಮಟಗಳ ಉದ್ಯಾನ

ಉದಗೀರ್ ರಸ್ತೆಯಲ್ಲಿರುವ ಈ ಉದ್ಯಾನ ಊರವರಿಗೆ ಬೆಳಗಿನ ವಾಕಿಂಗ್ ಜಾಗವಾಗಿಯೇ ಹೆಚ್ಚು ಪರಿಚಿತ. ಹುಲ್ಲು, ಮರ, ನಡೆಯಲು ಸಮನಾದ ದಾರಿ ಇವೆ. ಅಲಿ ಬರೀದ್ ಶಾಹನ ಗುಮ್ಮಟ ನಾಲ್ಕೂ ಕಡೆ ತೆರೆದ ಕಮಾನುಗಳ ಕಟ್ಟಡವಾದ್ದರಿಂದ ಹುಲ್ಲಿನ ಮೇಲಿನಿಂದಲೇ ಅದರ ಒಳಗಿನ ಆಕಾರ ಕಣ್ಣಿಗೆ ಬೀಳುತ್ತದೆ. ಬುತ್ತಿ ಕಟ್ಟಿಕೊಂಡು ಹೋಗಿ, ರೊಟ್ಟಿ, ಶೇಂಗಾ ಹಿಂಡಿ, ಮೊಸರನ್ನ ಉಂಡು, ಮಕ್ಕಳು ಓಡಾಡುವುದನ್ನು ಹಿರಿಯರು ನೋಡುತ್ತಾ ಕೂರಬೇಕೆಂದರೆ ಇದು ತಕ್ಕ ಜಾಗ. ಉಂಡ ಎಲೆ, ಕಾಗದಗಳನ್ನು ಮರಳಿ ಚೀಲಕ್ಕೆ ತುಂಬಿಕೊಂಡು ಬರಬೇಕು, ಅಷ್ಟೆ. ಗುರುದ್ವಾರದಷ್ಟು ಜನಸಂದಣಿ ಇಲ್ಲಿಲ್ಲ. ಆದರೆ ದೇವರ ಸನ್ನಿಧಿಯ ಸಮಾಧಾನ ಬಯಸುವ ಆಯಿಗೆ ಹುಲ್ಲಿನ ಮೇಲೆ ಎರಡು ತಾಸು ಕೂರುವುದು ಬೇಸರ ತರಿಸಬಹುದು.

ಅಷ್ಟೂರು ಮತ್ತು ಚೌಖಂಡಿ

ಊರಿನಿಂದ ನಾಲ್ಕೈದು ಕಿ.ಮೀ. ಒಳಗೆ ಬಯಲಿನಲ್ಲಿ ಸಾಲಾಗಿ ನಿಂತ ಬಹಮನಿ ಸುಲ್ತಾನರ ಗುಮ್ಮಟಗಳಲ್ಲಿ ಎಲ್ಲಕ್ಕಿಂತ ಬೆಲೆಯುಳ್ಳದ್ದು ಅಹಮದ್ ಶಾಹ ವಲಿಯ ಗುಮ್ಮಟದ ಒಳಗಿನ ವರ್ಣಚಿತ್ರ. ತೊಡಕು ಇರುವುದೂ ಅಲ್ಲಿಯೇ. ಚಿತ್ರ ನೋಡಲು ಎತ್ತರದ ಜಗಲಿ ಏರಿ ಒಳಗೆ ಹೋಗಬೇಕು, ಒಳಗೆ ಕತ್ತಲೆ, ಕತ್ತೆತ್ತಿ ಮೇಲೆ ನೋಡಬೇಕು. ಕುತ್ತಿಗೆ ನೋವಿನವರಿಗೆ, ತಲೆಸುತ್ತು ಬರುವವರಿಗೆ, ಕಣ್ಣು ಮಂಜಾದವರಿಗೆ ಇದು ಒಪ್ಪದು. ಹೊರಗೆ ಕಾರಿನಲ್ಲಿ ಉಳಿದವರಿಗೆ ಗುಮ್ಮಟಗಳ ಸಾಲು, ಸಿಡಿಲು ಬಡಿದು ಅರ್ಧ ಬಿದ್ದರೂ ಇನ್ನರ್ಧ ನಿಂತೇ ಇರುವ ಹುಮಾಯೂನ್ ಶಾಹನ ಗುಮ್ಮಟ, ಸಂಜೆಯ ಗಾಳಿ ಇಷ್ಟು ಸಿಗುತ್ತವೆ. ಒಂದು ತಾಸಿಗೆ ಅದು ಸಾಕು, ಅರ್ಧ ದಿನಕ್ಕೆ ಸಾಲದು.

ಆದರೂ ಕೆಲವು ಮನೆಗಳ ಹಿರಿಯರಿಗೆ ಅಷ್ಟೂರು ಬರಿಯ ಸ್ಮಾರಕವಲ್ಲ. ಅಹಮದ್ ಶಾಹನನ್ನು ಅಲ್ಲಮಪ್ರಭುವಿನ ರೂಪವೆಂದು ಭಾವಿಸುವ ಲಿಂಗಾಯತ ಭಕ್ತರೂ ವಲಿ ಎಂದು ನಡೆದುಕೊಳ್ಳುವ ಮುಸಲ್ಮಾನರೂ ಇಲ್ಲಿ ಕೂಡಿಯೇ ಜಾತ್ರೆ ಮಾಡುತ್ತಾರೆ. ಹೋಳಿ ಹುಣ್ಣಿಮೆಯ ನಂತರದ ಆ ಜಾತ್ರೆಗೆ ಕಲಬುರಗಿ ಸೀಮೆಯಿಂದ ಜಂಗಮರು ಬರುವುದು ಹಳೆಯ ಪದ್ಧತಿ. ಜಾತ್ರೆಯ ನೆನಪಿರುವ ಮುತ್ಯಾನನ್ನು ಜಾತ್ರೆಯಿಲ್ಲದ ಒಂದು ಸಂಜೆ ಅಲ್ಲಿಗೆ ಒಯ್ದರೆ ನಮಗೆ ಕಥೆ ಹೇಳುವವರು ಅವರೇ ಆಗುತ್ತಾರೆ, ಅಂಥವರಿಗೆ ನನ್ನ ಮೇಲಿನ ಆಕ್ಷೇಪ ಅನ್ವಯಿಸುವುದಿಲ್ಲ. ದಾರಿಯಲ್ಲಿರುವ, ಸಂತ ಖಲೀಲುಲ್ಲಾ ಅವರ ಗೋರಿಯಾದ ಚೌಖಂಡಿಗೆ ಪಾವಟಿಗೆಗಳ ಸಾಲು ಏರಬೇಕು, ಅದನ್ನು ರಸ್ತೆಯಿಂದ ನೋಡಿದರೆ ಸಾಕು.

ಝರಣಿ ನರಸಿಂಹ

ಹಿರಿಯರೇ ಹಟ ಹಿಡಿದು ಕೇಳುವ ಸ್ಥಳ ಇದು, ಆದ್ದರಿಂದ ಸ್ಪಷ್ಟವಾಗಿ ಬರೆಯುತ್ತೇನೆ. ಸುಮಾರು 300 ಮೀಟರ್ ಉದ್ದದ ಗುಹೆಯಲ್ಲಿ ಸೊಂಟದಿಂದ ಎದೆಮಟ್ಟದವರೆಗಿನ ನೀರಿನಲ್ಲಿ ನಡೆದು ಹೋಗಿ ದರ್ಶನ ಮಾಡಬೇಕು. ಒಳಗೆ ಗಾಳಿ ಕಡಿಮೆ, ಜನ ಹೆಚ್ಚಾದಾಗ ಉಸಿರುಗಟ್ಟಿದಂತಾಗುತ್ತದೆ, ಕಾಲಕೆಳಗಿನ ನೆಲ ಕಾಣುವುದಿಲ್ಲ. ಹೃದಯದ ತೊಂದರೆ, ದಮ್ಮು, ಬಿ.ಪಿ. ಏರುಪೇರು, ಬಿದ್ದರೆ ಮುರಿಯುವಷ್ಟು ಸವೆದ ಎಲುಬು, ಇವುಗಳಲ್ಲಿ ಯಾವುದಿದ್ದರೂ ಗುಹೆಯೊಳಗೆ ಕರೆದೊಯ್ಯಬಾರದು. ಹರಕೆ ಇದ್ದರೆ ಮನೆಯ ಹರೆಯದವರು ಒಳಗೆ ಹೋಗಿ ಬರಲಿ, ಹಿರಿಯರು ಹೊರಗಿನಿಂದಲೇ ಕೈಮುಗಿಯಲಿ. ಇಂಥ ಹರಕೆಯನ್ನು ಮಕ್ಕಳ ಕೈಯಿಂದ ತೀರಿಸುವುದು ನಮ್ಮಲ್ಲಿ ನಡೆದುಬಂದದ್ದೇ. ಶಿವನ ದರ್ಶನವಾದರೂ ಸರಿ ಎನ್ನುವವರಿಗೆ ಊರಿನಲ್ಲೇ ಇರುವ ಪಾಪನಾಶ ಗುಡಿ ಉತ್ತಮ ಬದಲಿ, ಶಿವರಾತ್ರಿಯ ದಿನವೊಂದನ್ನು ಬಿಟ್ಟು.

ದೂರದ ಆಸೆ

ಬಸವಕಲ್ಯಾಣ ಬೀದರಿನಿಂದ ಸುಮಾರು 80 ಕಿ.ಮೀ., ಮಾಣಿಕಪ್ರಭುಗಳ ಗುಡಿಯಿರುವ ಹುಮನಾಬಾದಿನ ಮಾಣಿಕನಗರ ಸುಮಾರು 50 ಕಿ.ಮೀ. ಬೆನ್ನು ನೋವಿನವರಿಗೆ ಒಂದು ದಿನದಲ್ಲಿ ಹೋಗಿಬರುವುದು ಕಷ್ಟ, ಅದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ಆದರೆ ಶರಣರ ನೆಲವನ್ನು ಒಮ್ಮೆ ಮುಟ್ಟಬೇಕೆಂದು ಬಹುಕಾಲದಿಂದ ಹೇಳುತ್ತಿರುವ ಹಿರಿಯರಿಗೆ ಗುರುದ್ವಾರವಾಗಲಿ ಉದ್ಯಾನವಾಗಲಿ ಬದಲಿಯಾಗುವುದಿಲ್ಲ. ಅಲ್ಲಿ ಬಸವೇಶ್ವರ ಗುಡಿ ಊರಿನ ನಡುವೆಯೇ ಇದೆ. ಅದೊಂದನ್ನೇ ಗುರಿಯಾಗಿಟ್ಟುಕೊಂಡು, 108 ಅಡಿಯ ಬಸವೇಶ್ವರ ಮೂರ್ತಿಯನ್ನು ದೂರದಿಂದ ನೋಡಿ, ಹೋಗುವಾಗ ಹುಮನಾಬಾದಿನಲ್ಲಿ ಅರ್ಧ ತಾಸು ಕಾಲು ಚಾಚಿ, ರಾತ್ರಿ ಅಲ್ಲಿಯೇ ಉಳಿಯುವಂತಿದ್ದರೆ ಉಳಿಯುವುದು ಒಳ್ಳೆಯದು.

ಖರ್ಚು ಮತ್ತು ವಾಹನ

ಈ ಸ್ಥಳಗಳಲ್ಲಿ ಪ್ರವೇಶದ ಖರ್ಚು ದೊಡ್ಡದಲ್ಲ, ಖರ್ಚೆಲ್ಲ ವಾಹನದ್ದು. ಕೈ ಬಿಗಿಯಾಗಿದ್ದರೆ ಆಟೋ ಒಂದನ್ನು ಅರ್ಧ ದಿನಕ್ಕೆ ಮಾತಾಡಿಕೊಂಡು ಗುರುದ್ವಾರ ಮತ್ತು ಮದರಸಾ ನೋಡಬಹುದು. ದರವನ್ನೂ ಕಾಯುವ ಹೊತ್ತನ್ನೂ ಹತ್ತುವ ಮೊದಲೇ ನಿಗದಿ ಮಾಡಿಕೊಳ್ಳಬೇಕು. ಶೇರ್ ಆಟೋದ ಇಕ್ಕಟ್ಟು ಹಿರಿಯರಿಗೆ ಬೇಡ. ಕಾರು ಬಾಡಿಗೆಗೆ ಹಿಡಿಯುವವರು ದೊಡ್ಡ ಕಾರು ಎಂದರೆ ಒಳ್ಳೆಯದು ಎಂದು ತಿಳಿಯುತ್ತಾರೆ, ಆದರೆ ಎತ್ತರದ ಕಾರಿಗೆ ಹತ್ತುವುದು ಮೊಣಕಾಲು ನೋವಿನವರಿಗೆ ಕಷ್ಟ, ತೀರ ತಗ್ಗಿನ ಸೀಟಿನಿಂದ ಏಳುವುದೂ ಅಷ್ಟೇ ಕಷ್ಟ. ಸೀಟು ಹಿರಿಯರ ಸೊಂಟದ ಎತ್ತರಕ್ಕೆ ಹತ್ತಿರವಿರುವ ಕಾರು ಸರಿ, ಅದನ್ನು ಹಿಂದಿನ ದಿನವೇ ಕೂರಿಸಿ ನೋಡಬಹುದು.

ಹೊರ ಊರುಗಳಿಂದ ಬರುವವರಿಗೆ ಬಸ್ಸು ಅಗ್ಗ. ರಾಜ್ಯದ ಹೆಂಗಸರಿಗೆ 2023ರ ಜೂನ್ 11ರಿಂದ ಶಕ್ತಿ ಯೋಜನೆಯಡಿ ಸಾಮಾನ್ಯ ಬಸ್ಸುಗಳಲ್ಲಿ ಪ್ರಯಾಣ ಉಚಿತ, 60 ದಾಟಿದ ಗಂಡಸರಿಗೆ ಗುರುತಿನ ಚೀಟಿ ತೋರಿಸಿದರೆ ಟಿಕೆಟ್‌ನಲ್ಲಿ ಶೇ. 25 ರಿಯಾಯಿತಿ. ಆದರೆ ಬಸ್ಸಿನ ಮೊದಲ ಪಾವಟಿಗೆ ಎತ್ತರ, ನಡುದಾರಿಯಲ್ಲಿ ಬೇಕೆಂದಾಗ ಇಳಿಯಲಾಗದು. ಕಲಬುರಗಿಯಿಂದ ಬರುವವರಿಗೆ 2017ರ ಅಕ್ಟೋಬರ್ 29ರಂದು ಆರಂಭವಾದ ರೈಲು ಮಾರ್ಗವೂ ಇದೆ. ರೈಲಿನಲ್ಲಿ ಎದ್ದು ನಾಲ್ಕು ಹೆಜ್ಜೆ ಓಡಾಡಬಹುದು ಎಂಬುದು ಕಾಲು ಬಾವು ಬರುವವರಿಗೆ ದೊಡ್ಡ ಅನುಕೂಲ.

ಯಾರಿಗೆ ಯಾವುದು

ಗಾಲಿಕುರ್ಚಿಯಲ್ಲೇ ಇರುವವರಿದ್ದರೆ ಕಾರಿನಲ್ಲಿ ಕೋಟೆಯ ಸುತ್ತು, ಆಮೇಲೆ ಬರೀದ್ ಶಾಹಿ ಉದ್ಯಾನ. ಮೊಣಕಾಲು ನೋವಿದ್ದೂ ನಿಧಾನವಾಗಿ ನಡೆಯಬಲ್ಲವರಿಗೆ ಬೆಳಿಗ್ಗೆ ಮದರಸಾ ಮತ್ತು ಬಿದರಿ ಅಂಗಡಿ, ಮಧ್ಯಾಹ್ನ ಮನೆಯಲ್ಲಿ ಊಟ, ನಿದ್ದೆ, ಸಂಜೆ ಗುರುದ್ವಾರ. ಕಿವಿ ಮಂದವಾದವರನ್ನು ಮಾತಿನ ವಿವರಣೆ ಬೇಕಾದ ಕೋಟೆಗಿಂತ ಕಣ್ಣೆದುರು ಕೆಲಸ ನಡೆಯುವ ಬಿದರಿ ಕಾರ್ಖಾನೆಗೆ ಒಯ್ಯುವುದು ಮೇಲು. ಕಣ್ಣು ಮಂದವಾದವರಿಗೆ ಗುರುದ್ವಾರದ ಕೀರ್ತನೆ. ಮರೆವಿನ ಕಾಯಿಲೆ ಇರುವವರಿಗೆ ಗದ್ದಲ, ಹೊಸ ಮುಖಗಳು ದಿಗಿಲು ಹುಟ್ಟಿಸುತ್ತವೆ. ಅವರೊಂದಿಗೆ ಒಂದೇ ಸ್ಥಳ, ಅದೂ ಬೆಳಗಿನ ಹೊತ್ತಿನ ಉದ್ಯಾನ ಸಾಕು. ಅವರ ಜೇಬಿನಲ್ಲೋ ಸೆರಗಿನ ಗಂಟಿನಲ್ಲೋ ಮನೆಯವರ ಫೋನ್ ನಂಬರು ಬರೆದ ಚೀಟಿ ಇರಲಿ, ಒಬ್ಬರು ಬೇರೆ ಕೆಲಸವಿಲ್ಲದೆ ಅವರ ಪಕ್ಕದಲ್ಲೇ ಇರಲಿ.

ಮಕ್ಕಳು, ಹರೆಯದವರು, ಹಿರಿಯರು ಕೂಡಿರುವ ದೊಡ್ಡ ಕುಟುಂಬದಲ್ಲಿ ಎಲ್ಲರೂ ಎಲ್ಲ ಕಡೆಗೂ ಹೋಗಬೇಕೆಂಬ ಹಟವನ್ನು ಬಿಡಬೇಕು. ಹರೆಯದವರು ಬೆಳಿಗ್ಗೆ ಬೇಗ ಎದ್ದು ಝರಣಿಯನ್ನೋ ಚೌಖಂಡಿಯನ್ನೋ ಮುಗಿಸಿ ಬರಲಿ, ಹತ್ತು ಗಂಟೆಗೆ ಎಲ್ಲರೂ ಕೂಡಿ ಹಿರಿಯರಿಗೆ ಒಪ್ಪುವ ಸ್ಥಳಕ್ಕೆ ಹೊರಡಲಿ. ಹೀಗೆ ಮಾಡಿದಾಗ "ನಮ್ಮಿಂದ ನಿಮಗೂ ನೋಡಲಿಕ್ಕೆ ಆಗಲಿಲ್ಲ" ಎಂಬ ನೋವು ಹಿರಿಯರಿಗೆ ಉಳಿಯುವುದಿಲ್ಲ. ಆ ನೋವು ಎಷ್ಟು ದೊಡ್ಡದೆಂದರೆ ಮುಂದಿನ ಸಲ ಅವರು ಬರಲೇ ಒಪ್ಪದಿರಬಹುದು.

ಗುಳಿಗೆಗಳು, ವೈದ್ಯರ ಚೀಟಿಯ ಫೋಟೋ, ಶುಗರ್ ಇಳಿದರೆ ಬಾಯಿಗೆ ಹಾಕಲು ಬೆಲ್ಲದ ತುಂಡು ಕೈಚೀಲದಲ್ಲೇ ಇರಬೇಕು, ಕಾರಿನ ಡಿಕ್ಕಿಯಲ್ಲಲ್ಲ. ತುರ್ತಿಗೆ ಆಂಬುಲೆನ್ಸ್ 108. ಬೀದರ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ ಆಸ್ಪತ್ರೆ ಊರಿನಲ್ಲೇ ಇದೆ, ಮೇಲೆ ಹೇಳಿದ ನಗರದ ಸ್ಥಳಗಳಿಂದ ಬೇಗ ತಲುಪಬಹುದು. ಇನ್ನು ದಿನದ ಆಯ್ಕೆ: ಭಾನುವಾರಕ್ಕಿಂತ ವಾರದ ನಡುವಿನ ದಿನ ಲೇಸು, ನವೆಂಬರಿನಿಂದ ಫೆಬ್ರುವರಿಯವರೆಗಿನ ತಿಂಗಳುಗಳು ಎಲ್ಲಕ್ಕೂ ಲೇಸು. ಕಾರ್ತಿಕ ಹುಣ್ಣಿಮೆಗೆ ಬರುವ ಗುರುನಾನಕ್ ಜಯಂತಿಯಂದು ಗುರುದ್ವಾರಕ್ಕೆ ದೂರದೂರಿನ ಭಕ್ತರು ಸೇರುತ್ತಾರೆ, ವಾಹನವನ್ನು ದೂರದಲ್ಲೇ ನಿಲ್ಲಿಸಬೇಕಾಗುತ್ತದೆ. ಆ ವಾರ ರಜೆ ಸಿಕ್ಕವರು ಹಿರಿಯರನ್ನು ಮದರಸಾಕ್ಕೆ ಕರೆದೊಯ್ದು, ಗುರುದ್ವಾರವನ್ನು ಸಂದಣಿ ಇಳಿದ ಮೇಲಿನ ಒಂದು ಬೆಳಿಗ್ಗೆಗೆ ಇಟ್ಟುಕೊಳ್ಳಲಿ.